ತಂತಿ ಕಳಚಿದ ಮೌಸ್, ಮಿಲಿಸೆಕೆಂಡಿನ ಲೆಕ್ಕ

ಹತ್ತು ಹನ್ನೆರಡು ವರ್ಷಗಳ ಹಿಂದೆ ಕೌಂಟರ್-ಸ್ಟ್ರೈಕ್‌ನಂಥ ಶೂಟಿಂಗ್ ಆಟಗಳ ದೊಡ್ಡ ಪಂದ್ಯಗಳಲ್ಲಿ ವೈರ್‌ಲೆಸ್ ಮೌಸ್ ಹಿಡಿದು ಕೂತ ಆಟಗಾರ ಕಾಣಸಿಗುವುದೇ ಅಪರೂಪವಾಗಿತ್ತು. ತಂತಿ ಮೇಜಿಗೆ ಉಜ್ಜದಂತೆ ಎತ್ತಿ ಹಿಡಿಯುವ ‘ಬಂಜಿ’ ಎಂಬ ಪುಟ್ಟ ಸ್ಟ್ಯಾಂಡನ್ನು ಜೊತೆಗೆ ತರುತ್ತಿದ್ದರೇ ಹೊರತು ತಂತಿಯನ್ನು ಬಿಡಲು ಯಾರೂ ಸಿದ್ಧರಿರಲಿಲ್ಲ. ಇಂದು ಅದೇ ವೇದಿಕೆಗಳಲ್ಲಿ ವೈರ್‌ಲೆಸ್ ಮೌಸ್‌ಗಳದ್ದೇ ಮೇಲುಗೈ. ಈ ಬದಲಾವಣೆಗೆ ಮೌಸ್ ತಯಾರಿಸಿದವರು ಎಷ್ಟು ಕಾರಣವೋ, ಅದನ್ನು ಅಳೆಯಲು ಕಲಿತವರೂ ಅಷ್ಟೇ ಕಾರಣ.

ತಂತಿಯಿಲ್ಲದ ಮೌಸ್ ನಿನ್ನೆ ಮೊನ್ನೆಯದಲ್ಲ. 1981ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಶುರುವಾದ ಲಾಜಿಟೆಕ್ ಕಂಪನಿ 1984ರಲ್ಲೇ ಮೆಟಾಫರ್ ಕಂಪ್ಯೂಟರಿಗಾಗಿ ಇನ್‌ಫ್ರಾರೆಡ್ ಬೆಳಕಿನ ಮೌಸ್ ಮಾಡಿಕೊಟ್ಟಿತ್ತು. ಮೌಸ್ ಮತ್ತು ರಿಸೀವರ್ ನಡುವೆ ಏನಾದರೂ ಅಡ್ಡ ಬಂದರೆ ಸಂಪರ್ಕ ತಪ್ಪುವುದು ಆ ಬೆಳಕಿನ ದೊಡ್ಡ ಕೊರತೆ. 1991ರ ಕಾರ್ಡ್‌ಲೆಸ್ ಮೌಸ್‌ಮ್ಯಾನ್ ರೇಡಿಯೋ ತರಂಗಕ್ಕೆ ದಾಟಿಕೊಂಡಿತು. ಕಚೇರಿಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕಿತ್ತು, ಆಟಕ್ಕೆ ಸಾಲುತ್ತಿರಲಿಲ್ಲ.

ಆಟಕ್ಕೆ ಬೇಕಾದ ನಿಖರತೆಗೆ ದಾರಿ ತೆರೆದದ್ದು ಸೆನ್ಸರ್. 1999ರಲ್ಲಿ ಬಂದ ಮೈಕ್ರೋಸಾಫ್ಟ್ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ತಳದಲ್ಲಿ ಉರುಳುವ ಗುಂಡು ಇರಲಿಲ್ಲ. ಒಂದು ಪುಟಾಣಿ ಕ್ಯಾಮೆರಾ ಇತ್ತು. ಅದು ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ 1500 ಸಲ ಚಿತ್ರಿಸಿಕೊಂಡು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ ಮೌಸ್ ಯಾವ ಕಡೆಗೆ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತಿತ್ತು. ಇಂದಿನ ಸೆನ್ಸರ್‌ಗಳೂ ಇದೇ ತತ್ವದಲ್ಲಿ ನಡೆಯುತ್ತವೆ. ವೈರ್‌ಲೆಸ್‌ಗೆ ಕಂಟಕವಾದದ್ದೂ ಇದೇ. ಕ್ಯಾಮೆರಾ ಸದಾ ಎಚ್ಚರವಿದ್ದರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಉಳಿತಾಯಕ್ಕೆಂದು ಅದನ್ನು ಮಂಪರಿಗೆ ಕಳಿಸಿದರೆ ಎಚ್ಚರಗೊಳ್ಳುವಷ್ಟರಲ್ಲಿ ಎದುರಾಳಿ ಗುಂಡು ಹಾರಿಸಿರುತ್ತಾನೆ.

ಇದಕ್ಕೆ ಲಾಜಿಟೆಕ್ 2005ರ ಜಿ7ನಲ್ಲಿ ನೇರವಾದ ಉಪಾಯ ಹುಡುಕಿತು: ಎರಡು ಬ್ಯಾಟರಿ ಕೊಟ್ಟು, ಒಂದು ಚಾರ್ಜ್ ಆಗುತ್ತಿರುವಾಗ ಇನ್ನೊಂದನ್ನು ಹಾಕಿಕೊಳ್ಳಿ ಎಂದಿತು. ಅದು ಬಳಸಿದ್ದು 2.4 ಗಿಗಾಹರ್ಟ್ಸ್ ತರಂಗ. ಭಾರತದಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಆ ತರಂಗಪಟ್ಟಿ ಲೈಸೆನ್ಸ್ ಇಲ್ಲದೆ ಮುಕ್ತವಾದದ್ದೂ 2005ರಲ್ಲೇ. 2009ರಲ್ಲಿ ರೇಜರ್ ಕಂಪನಿಯ ಮಾಂಬಾ ಬಂತು. ಆದರೂ ಗಂಭೀರ ಆಟಗಾರರ ಅನುಮಾನ ಕರಗಲಿಲ್ಲ. ಸಾಮಾನ್ಯ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ ವರದಿ ಕಳಿಸುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಆಟಗಾರರು ಕೇಳುತ್ತಿದ್ದದ್ದು 1000 ಸಲ. ಗಾಳಿಯಲ್ಲಿ ಹೋಗುವ ಸಂದೇಶ ಆ ಲಯವನ್ನು ತಪ್ಪದೆ ಕಾಯ್ದುಕೊಳ್ಳುತ್ತದೆಂದು ಒಪ್ಪಿಸಲು ಅಳತೆಯ ಪುರಾವೆಯೇ ಬೇಕಾಗಿತ್ತು.

ಆ ಪುರಾವೆ ಮೊದಲು ಹವ್ಯಾಸಿಗಳ ಕೈಯಲ್ಲಿ ರೂಪುಗೊಂಡಿತು. ಅವರ ಒಂದು ಸರಳ ಪರೀಕ್ಷೆ ಹೀಗಿತ್ತು: ಎರಡು ಮೌಸ್‌ಗಳನ್ನು ಒಂದೇ ಕಂಪ್ಯೂಟರಿಗೆ ಜೋಡಿಸಿ, ಒಂದರ ಬಟನ್ನನ್ನು ಇನ್ನೊಂದರ ಬಟನ್ನಿಗೆ ಎದುರುಬದುರು ಒತ್ತುವುದು. ಎರಡೂ ಒಟ್ಟಿಗೇ ಒತ್ತಿಕೊಳ್ಳುವುದರಿಂದ ಯಾವುದರ ಕ್ಲಿಕ್ ಮೊದಲು ತಲುಪಿತೆಂದು ತಂತ್ರಾಂಶ ದಾಖಲಿಸುತ್ತದೆ. ಹತ್ತಾರು ಸಲ ಒತ್ತಿ ಸರಾಸರಿ ತೆಗೆದರೆ ಎರಡರ ನಡುವಿನ ಅಂತರ ಸಿಗುತ್ತದೆ. ಚಲನೆಯ ಪರೀಕ್ಷೆಗೆ ಮೌಸ್‌ಟೆಸ್ಟರ್ ಎಂಬ ಉಚಿತ ತಂತ್ರಾಂಶ ಬಂತು. ಮೌಸನ್ನು ಜೋರಾಗಿ ಬೀಸಿದಾಗ ಪ್ರತಿ ವರದಿಯನ್ನೂ ಅದು ಒಂದು ಚುಕ್ಕಿಯಾಗಿ ಗ್ರಾಫಿನಲ್ಲಿ ಮೂಡಿಸುತ್ತದೆ. ಚುಕ್ಕಿಗಳು ಒಂದೇ ಗೆರೆಯಲ್ಲಿ ಕೂತರೆ ಒಳ್ಳೆಯ ಸೆನ್ಸರ್, ಚೆದುರಿದರೆ ಎಲ್ಲೋ ವರದಿ ತಪ್ಪುತ್ತಿದೆ. 2020ರಲ್ಲಿ ಎನ್‌ವಿಡಿಯಾ ತನ್ನ ರಿಫ್ಲೆಕ್ಸ್ ಲೇಟೆನ್ಸಿ ಅನಲೈಜರನ್ನು ಮಾನಿಟರಿನೊಳಗೇ ಇಟ್ಟ ಮೇಲೆ, ಕ್ಲಿಕ್ಕಿನಿಂದ ಪರದೆಯ ಮೇಲಿನ ಬದಲಾವಣೆವರೆಗಿನ ಇಡೀ ವಿಳಂಬ ಮನೆಯಲ್ಲೇ ಅಳೆಯುವಂತಾಯಿತು.

ಇಂಥ ಅಳತೆಗಳು ಹೊರಗೆಡವಿದ ಸಂಗತಿ ಬಹಳ ಮುಖ್ಯವಾದದ್ದು. ತಂತಿಯ ಮೌಸ್‌ಗಳ ನಡುವೆಯೇ ಕ್ಲಿಕ್ ವಿಳಂಬದಲ್ಲಿ ಹಲವು ಮಿಲಿಸೆಕೆಂಡುಗಳ ವ್ಯತ್ಯಾಸವಿತ್ತು. ಬಟನ್ನಿನ ಲೋಹದ ಸ್ಪ್ರಿಂಗ್ ಒತ್ತಿದಾಗ ಅದುರುತ್ತದೆ. ಆ ಅದುರಾಟ ಎರಡು ಕ್ಲಿಕ್ ಎಂದು ದಾಖಲಾಗದಂತೆ ತಯಾರಕರು ಕಾಯುವ ಸಮಯ ಸೇರಿಸಿರುತ್ತಾರೆ. ವಿಳಂಬದ ಮೂಲ ಅನೇಕ ಕಡೆ ಅಲ್ಲಿತ್ತೇ ಹೊರತು ತಂತಿ ಇಲ್ಲದಿರುವುದರಲ್ಲಿ ಅಲ್ಲ. 2016ರ ಲಾಜಿಟೆಕ್ ಜಿ900 ತಂತಿಯ ಒಳ್ಳೆಯ ಮೌಸ್‌ಗಳಿಗೆ ಸರಿಸಮವಾಗಿ ನಿಂತಾಗ ಹಳೆಯ ವಾದ ಬಹುಮಟ್ಟಿಗೆ ಮುಗಿಯಿತು. 2019ರಲ್ಲಿ ರೇಜರ್‌ನ ವೈಪರ್ ಅಲ್ಟಿಮೇಟ್ ಬಟನ್ನಿನ ಲೋಹದ ಸಂಪರ್ಕವನ್ನೇ ತೆಗೆದು ಬೆಳಕಿನ ಸ್ವಿಚ್ ಹಾಕಿತು.

ಆಮೇಲೆ ಸ್ಪರ್ಧೆ ತಕ್ಕಡಿಗೆ ಬಂತು. ಜಿ900 ತೂಗುತ್ತಿದ್ದದ್ದು 107 ಗ್ರಾಂ. 2018ರ ಜಿ ಪ್ರೊ ವೈರ್‌ಲೆಸ್ 80 ಗ್ರಾಮಿಗೆ ಇಳಿಯಿತು, 2020ರ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63ಕ್ಕಿಂತ ಕೆಳಗೆ, 2024ರ ವೈಪರ್ ವಿ3 ಪ್ರೊ 54ಕ್ಕೆ. ಕಡಿಮೆ ವಿದ್ಯುತ್ ಬಳಸುವ ಸೆನ್ಸರ್‌ಗಳು ಬಂದು ಬ್ಯಾಟರಿ ಚಿಕ್ಕದಾದದ್ದೇ ಇದರ ಗುಟ್ಟು. ಮೌಸ್ ಒಂದು ಇಂಚು ಸರಿದಾಗ ಎಷ್ಟು ಹೆಜ್ಜೆ ಎಣಿಸುತ್ತದೆಂದು ಹೇಳುವುದು ಡಿಪಿಐ; ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ 30,000 ಡಿಪಿಐ ಮಾತ್ರ ಕೊಳ್ಳುವವರ ದಾರಿ ತಪ್ಪಿಸುವ ಅಂಕಿ. ಶೂಟಿಂಗ್ ಆಟಗಳ ವೃತ್ತಿಪರರಲ್ಲಿ ಬಹುತೇಕರು 400ರಿಂದ 1600ರ ಒಳಗೇ ಆಡುತ್ತಾರೆ.

ಪರೀಕ್ಷೆ ಮಾಡುವವರು ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಎಲ್ಲಿದೆ ಎಂಬುದನ್ನೂ ನೋಡಲೇಬೇಕು. ಯುಎಸ್‌ಬಿ 3.0 ಪೋರ್ಟ್ ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ಸಾಧನಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಸಿಪಿಯು ಹಿಂಬದಿಗೆ ಡಾಂಗಲ್ ಸಿಕ್ಕಿಸಿ ಮೌಸ್ ತಡವರಿಸುತ್ತದೆ ಎಂದು ದೂರುವುದಕ್ಕಿಂತ, ಜೊತೆಗೆ ಬರುವ ಕೇಬಲ್ ಬಳಸಿ ಅದನ್ನು ಮೌಸ್‌ಪ್ಯಾಡಿನ ಪಕ್ಕಕ್ಕೆ ತಂದು ನೋಡಬೇಕು.

ಈಗಿನ ಚರ್ಚೆ ಸೆಕೆಂಡಿಗೆ 8000 ವರದಿಗಳದ್ದು. 1000ಕ್ಕೆ 1 ಮಿಲಿಸೆಕೆಂಡ್ ಆದರೆ 8000ಕ್ಕೆ 0.125. ಇಲ್ಲಿ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ, ತೆರಬೇಕಾದ ಬೆಲೆಯೋ ದೊಡ್ಡದು: ವೈಪರ್ ವಿ3 ಪ್ರೊ 1000ದಲ್ಲಿ 95 ಗಂಟೆ ಬಾಳಿದರೆ 8000ದಲ್ಲಿ 17 ಗಂಟೆ ಎಂದು ಕಂಪನಿಯೇ ಹೇಳುತ್ತದೆ, ಪ್ರೊಸೆಸರ್ ಮೇಲಿನ ಹೊರೆ ಬೇರೆ. ಇಷ್ಟೆಲ್ಲ ಅಳತೆಗೆ ಸಿಕ್ಕರೂ ಮೌಸಿನ ಆಕಾರ ಮಾತ್ರ ಒಂದು ಅಂಕಿಗೆ ಇಳಿದಿಲ್ಲ. ಅಂಗೈ ಪೂರ್ತಿ ಊರುವವರಿಗೆ ಹಿತವಾದ ಗೂನು ಬೆರಳ ತುದಿಯಲ್ಲಿ ಹಿಡಿಯುವವರಿಗೆ ಅಡಚಣೆ. ಒಳ್ಳೆಯ ವಿಮರ್ಶಕರು ಅದಕ್ಕೇ ತಮ್ಮ ಕೈಯ ಉದ್ದ ಅಗಲವನ್ನೂ ಹಿಡಿಯುವ ಬಗೆಯನ್ನೂ ಬರೆದೇ ತೀರ್ಪು ಕೊಡುತ್ತಾರೆ.