ನಗೆಯ ಮೂಲ: ಒಂದು ವಿಚಾರಚರಿತ್ರೆ

ಕಾಸರಗೋಡಿನ ನಾವು ‘ಪಟ್ಟಿ’ ಎಂದರೆ ಸಾಮಾನುಗಳ ಯಾದಿ. ಮಲಯಾಳದ ಕಿವಿಗೆ ಅದೇ ಮಾತು ನಾಯಿ. ಅಂಗಡಿಯಲ್ಲಿ ನಾವು ‘ಪಟ್ಟಿ ಎಲ್ಲಿ?’ ಎಂದಾಗ ಪಕ್ಕದವರು ನಗುವುದುಂಟು. ಆ ನಗೆ ನಮ್ಮನ್ನು ಕುರಿತದ್ದೋ, ಮಾತಿನ ಸೋಜಿಗವನ್ನು ಕುರಿತದ್ದೋ? ತತ್ತ್ವಜ್ಞರ ಹಳೆಯ ವಿವಾದವೊಂದು ಈ ಪ್ರಶ್ನೆಯಲ್ಲಿ ಅಡಗಿದೆ.

ಗ್ರೀಸಿನ ಪ್ಲೇಟೋ ‘ಫಿಲೆಬಸ್’ ಸಂವಾದದಲ್ಲಿ, ತನ್ನನ್ನು ತಾನರಿಯದೆ ಬೀಗುವ ದುರ್ಬಲನೇ ನಗೆಗೀಡಾಗುವನೆಂದೂ, ನಗುವವರ ಸುಖದಲ್ಲಿ ಮತ್ಸರ ಬೆರೆತಿದೆಯೆಂದೂ ತೋರಿಸಿದನು. ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರ ‘ಲೆವಿಯಥನ್’ ಗ್ರಂಥದಲ್ಲಿ, ಪರರ ಕುಂದನ್ನು ಕಂಡಾಗ ಥಟ್ಟನೆ ಉಕ್ಕುವ ಹೆಮ್ಮೆಯೇ ನಗೆಗೆ ಕಾರಣವೆಂದನು. ಅಂತಹ ನಗೆಯನ್ನು ಬಹಳವಾಗಿ ನಗುವುದು ಅಲ್ಪತನದ ಲಕ್ಷಣವೆಂದೂ ಎಚ್ಚರಿಸಿದನು.

1725ರಲ್ಲಿ ಫ್ರಾನ್ಸಿಸ್ ಹಚಿಸನ್ ಡಬ್ಲಿನ್ನಿನ ಪತ್ರಿಕೆಯಲ್ಲಿ ಇದನ್ನು ಅಲ್ಲಗಳೆದನು. ಮೇಲೆಂಬ ಭಾವವೊಂದೇ ಸಾಕಾಗಿದ್ದರೆ ಗಾಡಿಯಲ್ಲಿ ಸಾಗುವ ಸಿರಿವಂತನು ಭಿಕ್ಷುಕರನ್ನು ಕಂಡು ನಗಬೇಕಿತ್ತು. ಆದರೆ ಅಲ್ಲಿ ಕಣ್ಣು ತೇವವಾಗುವುದೇ ಹೆಚ್ಚು. ಹೊಂದದ ಎರಡು ಸಂಗತಿಗಳು ಒಂದೆಡೆ ಕೂಡಿದಾಗ ನಗೆ ಹುಟ್ಟುವುದೆಂಬುದು ಅವನ ನಿಲುವು. 1790ರಲ್ಲಿ ಇಮ್ಯಾನ್ಯುಯೆಲ್ ಕಾಂಟ್, ಬಿಗಿಗೊಂಡ ನಿರೀಕ್ಷೆ ಹಠಾತ್ತನೆ ಬರಿದಾಗುವುದರಲ್ಲಿ ನಗೆಯ ಮೂಲವನ್ನು ಕಂಡನು.

ಹಾಬ್ಸ್, ಹಚಿಸನ್, ಕಾಂಟರಿಗಿಂತ ಬಹು ಹಿಂದೆಯೇ ನಮ್ಮ ‘ನಾಟ್ಯಶಾಸ್ತ್ರ’ ಹಾಸ್ಯರಸದ ವಿಭಾವಗಳಲ್ಲಿ ಎರಡಕ್ಕೂ ಎಡೆಗೊಟ್ಟಿತ್ತು. ವಿಕೃತವೇಷ, ಅಸಂಬದ್ಧ ಪ್ರಲಾಪಗಳ ಜೊತೆಗೆ ಪರರ ದೋಷವನ್ನು ಎತ್ತಿ ಹೇಳುವುದೂ ಅಲ್ಲಿದೆ. ಆದರೆ ಭರತನು ಅಷ್ಟಕ್ಕೇ ನಿಲ್ಲಲಿಲ್ಲ, ನಗುವವನನ್ನೂ ಅಳೆದನು. ಸ್ಮಿತ, ಹಸಿತಗಳು ಉತ್ತಮರಿಗೆ. ವಿಹಸಿತ, ಉಪಹಸಿತಗಳು ಮಧ್ಯಮರಿಗೆ. ಅಪಹಸಿತ, ಅತಿಹಸಿತಗಳು ಅಧಮರಿಗೆ. ಪಾರ್ತಿಸುಬ್ಬನನ್ನು ಕಂಡ ಈ ಕುಂಬಳೆ ಸೀಮೆಯ ಯಕ್ಷಗಾನ ರಂಗದಲ್ಲಿಯೂ ಹಾಸ್ಯಗಾರನು ಮೊದಲು ತನ್ನನ್ನೇ ನಗೆಗೊಡ್ಡಿ, ಆ ಮರೆಯಲ್ಲಿ ಅರಸನಿಗೂ ದಿಟವನ್ನು ನುಡಿಯುತ್ತಾನೆ.

ಈ ಚರ್ಚೆ ನಮಗೆ ಕೇವಲ ಪಾಂಡಿತ್ಯದ ವಿಷಯವಲ್ಲ. ನಮ್ಮ ಮಗುವಿನ ಕನ್ನಡದಲ್ಲಿ ಮಲಯಾಳದ ಪದವೊಂದು ನುಸುಳಿದಾಗ ಗಡಿಯಾಚೆಯ ನೆಂಟರು ನಗುತ್ತಾರೆ. ಹೊಸದಾಗಿ ಕನ್ನಡ ಕಲಿಯುವ ನೆರೆಯವರ ತಪ್ಪಿಗೆ ನಾವೂ ನಗುತ್ತೇವೆ. ಹಾಬ್ಸನು ಹೇಳಿದ ನಗೆಯಾದರೆ ಮಗು ಮರುದಿನ ಕನ್ನಡದಲ್ಲಿ ಬಾಯಿ ತೆರೆಯದು. ಹಚಿಸನ್ನನು ಹೇಳಿದ ನಗೆಯಾದರೆ ತಾನೂ ನಕ್ಕು ಮಾತನ್ನು ಮುಂದುವರಿಸೀತು. ಗಡಿನಾಡಿನಲ್ಲಿ ಭಾಷೆ ಉಳಿಯಬೇಕಾದರೆ ನಮ್ಮ ಮನೆಗಳಲ್ಲಿ ಎರಡನೆಯ ನಗೆಯೇ ಇರಬೇಕು.