ಪಿಂಡ ಮತ್ತು ದಾಯ: ಶ್ರಾದ್ಧದ ಅರ್ಥವಿಚಾರ

ಶ್ರಾದ್ಧವೆಂಬುದು ಮೃತರ ತೃಪ್ತಿಗಾಗಿ ಮಾಡುವ ಕರ್ಮವೆಂಬುದು ಸರ್ವವಿದಿತ. ಆದರೆ ಧರ್ಮಶಾಸ್ತ್ರಗ್ರಂಥಗಳನ್ನು ಪರಿಶೀಲಿಸಿದರೆ, ಬದುಕಿರುವವರ ಪರಸ್ಪರ ಸಂಬಂಧವನ್ನೂ ಹಕ್ಕುಬಾಧ್ಯತೆಗಳನ್ನೂ ನಿರ್ಣಯಿಸುವುದರಲ್ಲಿ ಅದಕ್ಕಿದ್ದ ಪಾತ್ರವು ವ್ಯಕ್ತವಾಗುತ್ತದೆ. 'ಪಿಂಡ'ವೆಂಬ ಒಂದು ಶಬ್ದಕ್ಕೆ ಹೇಳಿದ ಎರಡು ಅರ್ಥಗಳು ದಾಯಾಧಿಕಾರದ ವಿಚಾರವನ್ನು ಎರಡು ಮಾರ್ಗಗಳಲ್ಲಿ ನಡೆಸಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಮೊದಲು ಕರ್ಮದ ಸ್ವರೂಪವನ್ನು ನೋಡೋಣ. ಪಾರ್ವಣಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಈ ಮೂವರಿಗೆ ಪಿಂಡಗಳು ಸಲ್ಲುತ್ತವೆ. ಇವರನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸುತ್ತಾರೆ. ಇವರಿಗಿಂತ ಹಿಂದಿನ ಮೂವರು ಕರ್ತೃವಿನ ಕೈಗೆ ಅಂಟಿದ ಅನ್ನದ ಲೇಪಕ್ಕೆ ಮಾತ್ರ ಭಾಗಿಗಳು. ಕರ್ತೃವೂ ಸೇರಿದರೆ ಏಳು ತಲೆಮಾರುಗಳಾದವು. ಹೊಸದಾಗಿ ತೀರಿಕೊಂಡವನು ಮೊದಲು ಪ್ರೇತನೆನಿಸುತ್ತಾನೆ. ಸಪಿಂಡೀಕರಣದಲ್ಲಿ ಅವನ ಪಿಂಡವನ್ನು ಮೂರು ಭಾಗ ಮಾಡಿ ಪೂರ್ವಿಕರ ಮೂರು ಪಿಂಡಗಳೊಡನೆ ಕೂಡಿಸಿದ ಮೇಲೆಯೇ ಅವನಿಗೆ ಪಿತೃತ್ವ. ಆಗ ಆ ಮೂವರಲ್ಲಿ ಹಿರಿಯನು ಲೇಪಭಾಗಿಗಳ ಸಾಲಿಗೆ ಸರಿಯುತ್ತಾನೆ. ಒಬ್ಬನು ಒಳಗೆ ಬರುವಾಗ ಮತ್ತೊಬ್ಬನು ಹಿಂದೆ ಸರಿಯಬೇಕು. ಕುಲದ ಸ್ಮರಣೆಗೂ ಒಂದು ಮೇರೆಯುಂಟು.

ಹಾಗಾದರೆ 'ಸಪಿಂಡ'ರೆಂದರೆ ಯಾರು? ವಂಗದೇಶದ ಜೀಮೂತವಾಹನನು ತನ್ನ 'ದಾಯಭಾಗ'ದಲ್ಲಿ ಪಿಂಡವೆಂದರೆ ಶ್ರಾದ್ಧದಲ್ಲಿ ಅರ್ಪಿಸುವ ಅನ್ನದ ಉಂಡೆಯೆಂದೇ ಹಿಡಿದನು. ಪಿಂಡದಾನದಿಂದ ಮೃತನಿಗೆ ಹೆಚ್ಚು ಉಪಕಾರ ಮಾಡಬಲ್ಲವನೇ ಅವನ ಸ್ವತ್ತಿಗೂ ಹೆಚ್ಚು ಅರ್ಹನೆಂಬುದು ಅವನ ಮತ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಬೇರೆ ದಾರಿ ಹಿಡಿದನು. ಅವನಿಗೆ ಪಿಂಡವೆಂದರೆ ಶರೀರ. ಒಂದೇ ಶರೀರದ ಅಂಶಗಳು ಯಾರಲ್ಲಿ ಹರಿದು ಬಂದಿವೆಯೋ ಅವರು ಸಪಿಂಡರು. ಅನ್ನಪಿಂಡವನ್ನೇ ಆಧಾರವಾಗಿಟ್ಟುಕೊಂಡರೆ ತಾಯಿಯ ಕಡೆಯವರು ಹೊರಗಾಗುವರೆಂಬುದು ಅವನ ಯುಕ್ತಿ. ಶರೀರಸಂಬಂಧವು ಹೀಗೆ ಎಲ್ಲೆಡೆಗೂ ಹಬ್ಬುವುದರಿಂದ, ತಾಯಿಯ ಕಡೆ ಐದು, ತಂದೆಯ ಕಡೆ ಏಳು ತಲೆಮಾರುಗಳ ಮಿತಿಯನ್ನು ಅವನು ಒಪ್ಪಿದನು.

ಇದಕ್ಕೆ ಹೊಂದುವಂತೆಯೇ ಮಿತಾಕ್ಷರಾ ಪದ್ಧತಿಯಲ್ಲಿ ಪಿತ್ರಾರ್ಜಿತದ ಮೇಲೆ ಮಗನ ಹಕ್ಕು ಹುಟ್ಟಿನಿಂದ ಬರುತ್ತದೆ. ದಾಯಭಾಗದಲ್ಲಿ ತಂದೆಯ ಮರಣಾನಂತರ ಮಾತ್ರ. ಆದರೆ ಶರೀರಾಂಶವು ಮಗಳಲ್ಲಿಯೂ ಸಮನಾಗಿರುವಾಗ ಈ ಜನ್ಮಸಿದ್ಧ ಹಕ್ಕು ಅವಳಿಗೆ ಸಲ್ಲಲಿಲ್ಲವೆಂಬುದನ್ನು ಮರೆಯುವಂತಿಲ್ಲ. ವಿಜ್ಞಾನೇಶ್ವರನ ತತ್ತ್ವದಲ್ಲಿ ಅಡಗಿದ್ದ ಈ ಸಮತೆಯು ದೇಶದ ಶಾಸನದಲ್ಲಿ ಪೂರ್ಣವಾಗಿ ಕಾಣಿಸಿಕೊಂಡುದು ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ (1956) 2005ರಲ್ಲಿ ತಿದ್ದುಪಡಿಯಾದಾಗ. 1955ರ ವಿವಾಹ ಅಧಿನಿಯಮವೂ ಸಪಿಂಡತ್ವವನ್ನು ತಲೆಮಾರುಗಳಿಂದ ಎಣಿಸುತ್ತದೆಯೇ ಹೊರತು ಪಿಂಡಾರ್ಪಣೆಯಿಂದಲ್ಲ.

ಇಷ್ಟರಿಂದ ಶ್ರಾದ್ಧದ ಮಹತ್ತ್ವ ಕುಗ್ಗಿತೆಂದು ತಿಳಿಯಬೇಕಾಗಿಲ್ಲ. ಸ್ವತ್ತನ್ನು ಪಡೆದವನೇ ಪಿಂಡವನ್ನು ಕೊಡತಕ್ಕವನೆಂದು ವಿಷ್ಣುಸ್ಮೃತಿ ವಿಧಿಸುತ್ತದೆ. ಅಲ್ಲಿ ಪಿಂಡವು ಹಕ್ಕಿನ ಮೂಲವಲ್ಲ, ಹಕ್ಕಿನೊಡನೆ ಬರುವ ಹೊಣೆ. ಕಲ್ಯಾಣದ ಪಂಡಿತನ ಅರ್ಥವನ್ನು ಒಪ್ಪಿದರೆ ಶ್ರಾದ್ಧವು ಆಸ್ತಿಗೆ ತೆರುವ ಬೆಲೆಯಾಗಿ ಉಳಿಯುವುದಿಲ್ಲ. ದೇಹವನ್ನು ಕೊಟ್ಟವರಿಗೆ ಸಲ್ಲಿಸುವ ಋಣವಾಗುತ್ತದೆ.