ಏಳನೆಯ ತರಗತಿಯ ಒಂದು ವಾರ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಹಳ್ಳಿಗಳಲ್ಲಿ ಅರುವತ್ತು ದಾಟಿದವರನ್ನು ಎಷ್ಟು ಕಲಿತಿದ್ದೀರಿ ಎಂದು ಕೇಳಿದರೆ ಹಲವರಿಂದ ಬರುವ ಉತ್ತರ ಒಂದೇ: “ಏಳನೇ ಪಾಸ್.” ಅವರಿಗಿಂತಲೂ ಹಿರಿಯರಾದರೆ “ಎಂಟನೇ, ಇ.ಎಸ್.ಎಲ್.ಸಿ.” ಎನ್ನುತ್ತಾರೆ. ಇಂದಿನ ಕಿವಿಗೆ ಇದು ಅರ್ಧಕ್ಕೆ ನಿಂತ ಓದು. ಹೇಳುವವರ ದನಿಯಲ್ಲಿ ಮಾತ್ರ ಆ ಅರ್ಧದ ಭಾವ ಇರುವುದಿಲ್ಲ. ‘ಪಾಸ್’ ಎಂಬ ಮಾತಿಗೆ ಅವರು ಕೊಡುವ ಒತ್ತನ್ನು ಗಮನಿಸಬೇಕು. ಅವರ ಕಾಲದಲ್ಲಿ ಪ್ರಾಥಮಿಕ ಶಾಲೆಯ ಕೊನೆಯ ತರಗತಿ ಎಂದರೆ ಬಹುಪಾಲು ಮಕ್ಕಳ ಪಾಲಿಗೆ ಓದಿನ ಕೊನೆಯೇ ಆಗಿತ್ತು. ಅಲ್ಲಿಂದ ಹೊರಬಿದ್ದ ಹುಡುಗ ಹುಡುಗಿಯರು ಮರುದಿನದಿಂದಲೇ ದೊಡ್ಡವರು. ಹಾಗಾಗಿ ಆ ಒಂದು ವರ್ಷದೊಳಗೆ, ವಾರ ವಾರಕ್ಕೂ, ಬದುಕಿಗೆ ಬೇಕಾದುದನ್ನೆಲ್ಲ ತುಂಬಿಕೊಡುವ ಒಂದು ಅವಸರ ಶಾಲೆಗಿತ್ತು.

ಈ ‘ಏಳು’ ಮತ್ತು ‘ಎಂಟು’ಗಳ ಹಿಂದೆ ಒಂದು ಚರಿತ್ರೆಯೂ ಇದೆ.

ಮಠದಿಂದ ಬೋರ್ಡು ಶಾಲೆಗೆ

ಅಕ್ಷರ ಈ ನಾಡಿಗೆ ಹೊಸತಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಧವಲ, ಜಯಧವಲ, ಮಹಾಧವಲಗಳೆಂಬ ಪ್ರಾಚೀನ ಜೈನ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದು ಬಂದದ್ದು ಇದೇ ಊರಿನಲ್ಲಿ. ಭರತೇಶ ವೈಭವದ ರತ್ನಾಕರವರ್ಣಿಯೂ ಇಲ್ಲಿಯವನೇ. ಆದರೆ ಗರಿಯ ಮೇಲಿನ ಆ ಅಕ್ಷರ ಪೂಜೆಗೆ ಒದಗಿದಷ್ಟು ಸುಲಭವಾಗಿ ಓದಿಗೆ ಒದಗುತ್ತಿರಲಿಲ್ಲ. ಬಸದಿಯ ಸುತ್ತಲಿನ ಗದ್ದೆಗಳಲ್ಲಿ ನೇಜಿ ನೆಡುವವರ ಮಕ್ಕಳಿಗಂತೂ ಅದು ದೂರದ ಮಾತಾಗಿತ್ತು.

ಅನುಕೂಲಸ್ಥರ ಮಕ್ಕಳಿಗೆ ಐಗಳ ಮಠವಿತ್ತು. ಮರಳ ಮೇಲೆ ಬೆರಳಿನಿಂದ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಲೆಕ್ಕ ಕಲಿತು ಬರುವ ಕ್ರಮ ಅದು. ಐಗಳಿಗೆ ಸಲ್ಲುತ್ತಿದ್ದುದು ಅಕ್ಕಿ, ಕಾಯಿ, ಅಷ್ಟಿಷ್ಟು ದುಡ್ಡು. ಅಲ್ಲಿ ತರಗತಿಗಳಿರಲಿಲ್ಲ; ಹಾಗಾಗಿ ‘ಕೊನೆಯ ತರಗತಿ’ ಎಂಬುದೂ ಇರಲಿಲ್ಲ. ಮನೆಯವರಿಗೆ ಸಾಕೆನಿಸಿದಾಗ ಓದು ಮುಗಿಯುತ್ತಿತ್ತು.

ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕರಾವಳಿ ಕಂಪೆನಿ ಸರಕಾರದ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆಗಳನ್ನೂ ಅಚ್ಚುಕೂಟವನ್ನೂ ತೆರೆಯಿತು. ಹಳ್ಳಿಗಳಿಗೆ ಶಾಲೆ ಹಬ್ಬಿದ್ದು ಮಾತ್ರ ಬಹುಮಟ್ಟಿಗೆ ಬೋರ್ಡುಗಳ ಆಡಳಿತದಲ್ಲಿ, ಅದರಲ್ಲೂ 1920ರ ಮದರಾಸು ಎಲಿಮೆಂಟರಿ ಶಿಕ್ಷಣ ಕಾಯಿದೆಯ ಬಳಿಕ. ಇವತ್ತಿಗೂ ಹಿರಿಯರ ಬಾಯಲ್ಲಿ ಸರಕಾರಿ ಶಾಲೆ ‘ಬೋರ್ಡು ಶಾಲೆ’ಯೇ. ಮದರಾಸಿನ ಲೆಕ್ಕದಲ್ಲಿ ಐದರವರೆಗೆ ಕಿರಿಯ, ಎಂಟರವರೆಗೆ ಹಿರಿಯ ಎಲಿಮೆಂಟರಿ. ಎಂಟರ ಕೊನೆಗೆ ಇ.ಎಸ್.ಎಲ್.ಸಿ. ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗಿ, ಟ್ರೈನಿಂಗ್ ಮುಗಿಸಿ, ಅದೇ ಸೀಮೆಯ ಶಾಲೆಗಳಿಗೆ ಮಾಸ್ಟ್ರಾಗಿ ಹಿಂದಿರುಗಿದವರು ಬಹಳ ಮಂದಿ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬೇರೆ ಬೇರೆ ಪ್ರಾಂತಗಳಿಂದ ಬಂದ ಜಿಲ್ಲೆಗಳಿಗೆಲ್ಲ ಒಂದೇ ಪದ್ಧತಿ ರೂಪುಗೊಂಡು, ಪ್ರಾಥಮಿಕ ಶಾಲೆ ಏಳಕ್ಕೆ ನಿಂತಿತು. ಎಂಟು ಹೈಸ್ಕೂಲಿಗೆ ಹೋಯಿತು. ಅಜ್ಜ ಎಂಟನೇ, ಅಪ್ಪ ಏಳನೇ ಎನ್ನುವ ಮನೆಗಳ ಗುಟ್ಟು ಇದು. ಅಪ್ಪ ಒಂದು ವರ್ಷ ಕಡಿಮೆ ಓದಿದ್ದಲ್ಲ. ಶಾಲೆಯೇ ಒಂದು ವರ್ಷ ಮೊದಲು ಮುಗಿಯಿತು.

ಬಂಟ್ವಾಳದ ಇನ್‌ಸ್ಪೆಕ್ಟರರು

ಈ ಶಾಲೆಗಳಲ್ಲಿ ಏನನ್ನು ಓದಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಮುಖ್ಯರಾದ ಒಬ್ಬರು ಹುಟ್ಟಿದ್ದು ಬಂಟ್ವಾಳದಲ್ಲಿ. ಪಂಜೆ ಮಂಗೇಶರಾಯರು (1874-1937) ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದವರು. ಮಕ್ಕಳ ಬಾಯಲ್ಲಿ ನಿಲ್ಲುವಂಥ ಪದ್ಯಗಳನ್ನೂ ಕಥೆಗಳನ್ನೂ ಬರೆದರು, ಪಠ್ಯಪುಸ್ತಕಗಳನ್ನು ರೂಪಿಸಿದರು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದು.

ಅವರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಕನ್ನಡವನ್ನು ಹಿತವಾಗಿಸಿದವರಿಗೆ ಕನ್ನಡ ಮನೆಯ ಮಾತಾಗಿರಲಿಲ್ಲ. ಇದು ಈ ಸೀಮೆಯ ವಿಚಿತ್ರವೂ ಹೌದು, ಸಹಜವೂ ಹೌದು. ಇಲ್ಲಿನ ಒಂದು ತರಗತಿಯ ಬೆಂಚುಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಒಟ್ಟಿಗೆ ಕುಳಿತಿರುತ್ತವೆ. ಒಂದನೆಯ ತರಗತಿಗೆ ಬರುವ ತುಳು ಮಗುವಿಗೆ ಪುಸ್ತಕದ ಕನ್ನಡ ಹೊಸ ಭಾಷೆ. ಅಂಥ ಮಗು ಏಳನೆಯ ತರಗತಿಗೆ ಬರುವಷ್ಟರಲ್ಲಿ ಕನ್ನಡದಲ್ಲಿ ಭಾಷಣ ಮಾಡಬೇಕು, ಅರ್ಜಿ ಬರೆಯಬೇಕು. ಏಳು ವರ್ಷದ ಶಾಲೆಯ ನಿಜವಾದ ಸಾಧನೆ ಏನೆಂದು ಕೇಳಿದರೆ ಇದನ್ನೇ ಮೊದಲು ಹೇಳಬೇಕು.

ಸೋಮವಾರದಿಂದ ಶನಿವಾರ

1970-80ರ ದಶಕಗಳ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ನೆನಪಿಗೆ ತಂದುಕೊಳ್ಳೋಣ. ನಾಡ ಹೆಂಚಿನ ಉದ್ದ ಕಟ್ಟಡ, ಅರ್ಧ ಗೋಡೆ, ತೂಗುಹಾಕಿದ ಕಬ್ಬಿಣದ ತುಂಡೇ ಗಂಟೆ. ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ, ಮಳೆಯ ಜತೆಗೇ. ಕಟ್ಟಪುಣಿಯ ಮೇಲೆ ನಡೆದು, ತೋಡಿನ ಸಂಕ ದಾಟಿ ಬರುವ ಚಿಕ್ಕ ಮಕ್ಕಳ ಹೊಣೆ ಏಳನೆಯವರದು. ವರ್ಷದ ಮೊದಲ ಪಾಠ ಇದು. ಯಾವ ಪುಸ್ತಕದಲ್ಲೂ ಇಲ್ಲ.

ಸೋಮವಾರ ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಉಗುರು, ಬಟ್ಟೆಗಳ ತನಿಖೆ. ಏಳನೆಯ ತರಗತಿಯ ಒಬ್ಬ ಪತ್ರಿಕೆಯಿಂದ ವಾರ್ತೆ ಓದುತ್ತಾನೆ. ಮನೆಗೆ ಪತ್ರಿಕೆ ಬಾರದ ಮಕ್ಕಳಿಗೆ ಲೋಕದ ಸುದ್ದಿ ತಲುಪುತ್ತಿದ್ದುದು ಹೀಗೆ. ಆ ವಾರದ ಕೆಲಸಗಳ ಹಂಚಿಕೆಯೂ ಅಂದೇ: ನೀರು ಸೇದುವವರು, ಗುಡಿಸುವವರು, ತೋಟ ನೋಡುವವರು. ಇದನ್ನೆಲ್ಲ ನಡೆಸಲು ಶಾಲಾ ಮಂತ್ರಿಮಂಡಲವೊಂದಿತ್ತು. ಚೀಟಿ ಹಾಕಿ ಆರಿಸಿದ ನಾಯಕ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ. ಬಾವಿಯ ಕೊಡಪಾನ ಎತ್ತುವವನು ನೀರಾವರಿ ಮಂತ್ರಿ!

ವಾರದ ನಡುವಣ ದಿನಗಳು ಪಾಠಕ್ಕೆ ಮೀಸಲು. ಗಣಿತದಲ್ಲಿ ಶೇಕಡಾ, ಸರಳ ಬಡ್ಡಿ, ಲಾಭ-ನಷ್ಟ, ಹೊಲದ ವಿಸ್ತೀರ್ಣ. ಕನ್ನಡದಲ್ಲಿ ಪ್ರಬಂಧ, ಪತ್ರಲೇಖನ, ಉಕ್ತಲೇಖನ. ಸಮಾಜದಲ್ಲಿ ನಕ್ಷೆ ತುಂಬುವುದು. ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಆರಂಭಿಸಿದ ಇಂಗ್ಲಿಷು, ಜತೆಗೆ ಹಿಂದಿ. ಹೀಗೆ ಮೂರು ಲಿಪಿಗಳು ಒಂದೇ ಚೀಲದಲ್ಲಿ. ಮಧ್ಯಾಹ್ನ ಹತ್ತಿರದವರು ಗಂಜಿಗೆ ಮನೆಗೆ ಓಡುತ್ತಾರೆ; ದೂರದವರಿಗೆ ಬುತ್ತಿ. ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಬೇಯುತ್ತಿದ್ದ ಸಜ್ಜಿಗೆಯ ಪರಿಮಳವನ್ನು ಆ ತಲೆಮಾರಿನವರು ಇಂದಿಗೂ ಮರೆತಿಲ್ಲ. ಅದನ್ನು ಬಡಿಸುವ ಗೌರವವೂ ಏಳನೆಯವರದೇ.

ಶುಕ್ರವಾರದ ಕೊನೆಯ ಪೀರಿಯಡ್ ಭಜನೆಗೋ ಮಕ್ಕಳ ಸಭೆಗೋ. ಸಭೆಯಲ್ಲಿ ಸ್ವಾಗತ, ಹಾಡು, ಕಥೆ, ಭಾಷಣ, ಧನ್ಯವಾದ ಎಲ್ಲವೂ ಕ್ರಮಪ್ರಕಾರ. ಅಧ್ಯಕ್ಷ ಪೀಠದಲ್ಲಿ ಏಳನೆಯ ತರಗತಿಯ ಹುಡುಗಿ. ರಾತ್ರಿ ಆಟ ನೋಡಿ ಬಂದವನು ಯಕ್ಷಗಾನದ ಅರ್ಥ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ಮನೆಯಲ್ಲಿ ಒಂದು ಮಾತೂ ಕನ್ನಡ ಆಡದ ಮಕ್ಕಳು ಹತ್ತು ಜನರ ಮುಂದೆ ನಿಂತು ಕನ್ನಡ ಆಡಲು ಕಲಿತ ಜಾಗ ಇದು.

ಶನಿವಾರ ಬೆಳಗಿನ ಶಾಲೆ. ಕವಾಯತು, ತೋಟದ ಕೆಲಸ, ಮಣ್ಣಿನ ನೆಲವಿದ್ದಲ್ಲಿ ಸಗಣಿ ಸಾರಿಸುವುದು. ಸಾರಿಸುವುದು ಹುಡುಗಿಯರಿಗೆ, ನೀರು ತರುವುದು ಹುಡುಗರಿಗೆ ಎಂಬ ಹಂಚಿಕೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆ, ಅಲ್ಲಿ ಬೇರೆ ಕೆಲಸ.

ಮನೆಯ ಗುಮಾಸ್ತ

ಈ ವಾರದ ಪಾಠಗಳು ಯಾವುದಕ್ಕೆ ಉಪಯೋಗವಾದವು? ಪತ್ರಲೇಖನವನ್ನೇ ನೋಡಬಹುದು. ಈ ತಾಲೂಕುಗಳ ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸರು ಮುಂಬಯಿಯ ಹೋಟೆಲುಗಳಲ್ಲಿದ್ದರು. 1970ರ ದಶಕದಿಂದ ಕೊಲ್ಲಿ ದೇಶಗಳಲ್ಲಿಯೂ. ಅಂಚೆಯಣ್ಣ ತರುವ ಇನ್‌ಲ್ಯಾಂಡ್ ಪತ್ರ ಕನ್ನಡದಲ್ಲಿರುತ್ತಿತ್ತು. ಅದನ್ನು ಓದಿ ಅಮ್ಮನಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುವುದು, ಅಮ್ಮನ ಉತ್ತರವನ್ನು ಕನ್ನಡಕ್ಕೆ ತಿರುಗಿಸಿ “ತೀರ್ಥರೂಪು ಅವರಿಗೆ” ಎಂದು ಬರೆಯುವುದು ಹಿರಿಯ ತರಗತಿಯ ಮಗುವಿನ ಕೆಲಸ. ಶಾಲೆಯಲ್ಲಿ ಇದಕ್ಕೆ ಐದು ಅಂಕ. ಮನೆಯಲ್ಲಿ ಇದೇ ಸಂಸಾರದ ಸೇತುವೆ.

1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಒಕ್ಕಲುಗಳು ಜಮೀನಿನ ಹಕ್ಕಿಗಾಗಿ ಏಳನೇ ನಂಬರಿನ ನಮೂನೆಯಲ್ಲಿ ಅರ್ಜಿ ಕೊಡಬೇಕಾಯಿತು. ಸರ್ವೆ ನಂಬರು, ವಿಸ್ತೀರ್ಣ, ಟ್ರಿಬ್ಯುನಲ್ ನೋಟೀಸಿನ ತಾರೀಕು ಇವೆಲ್ಲ ಓದಬಲ್ಲವರನ್ನು ಬೇಡುವ ಸಂಗತಿಗಳು. ಹೆಬ್ಬೆಟ್ಟು ಒತ್ತುವ ತಂದೆಯ ಮನೆಯಲ್ಲಿ ಏಳನೆಯ ತರಗತಿ ಮುಟ್ಟಿದ ಒಬ್ಬ ಮಗನೋ ಮಗಳೋ ಇದ್ದರೆ ಅದೊಂದು ಧೈರ್ಯ.

ಶಾಲೆ ಎಂದರೆ ಇಷ್ಟೇ ಸಾಲದು, ಕುಲಕಸುಬು ಕಲಿಯಲಿ ಎಂಬ ವಾದವೂ ಈ ಜಿಲ್ಲೆಯನ್ನು ಮುಟ್ಟಿ ಹೋಗಿದೆ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಎಲಿಮೆಂಟರಿ ಶಾಲೆಗಳಿಗೆ ದಿನಕ್ಕೆ ಮೂರು ಗಂಟೆಯ ಪಾಠ ಸಾಕು, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಜಾತಿಕಸುಬಿಗೆ ಕಟ್ಟಿಹಾಕುವ ಹುನ್ನಾರವೆಂದು ಭಾರೀ ವಿರೋಧ ಬಂದು, 1954ರಲ್ಲಿ ಕಾಮರಾಜರು ಅದನ್ನು ಕೈಬಿಟ್ಟರು. ಒಕ್ಕಲು ಮಕ್ಕಳಿಗೆ ಶಾಲೆಯ ಇಡೀ ದಿನ ದಕ್ಕಬೇಕೆಂಬ ಹಟ ಎಷ್ಟು ಸರಿಯಾಗಿತ್ತು ಎಂಬುದು 20 ವರ್ಷಗಳ ಬಳಿಕ ಆ ಅರ್ಜಿ ನಮೂನೆಗಳ ಮುಂದೆ ತಿಳಿಯಿತು.

ಪರೀಕ್ಷೆಯ ಮರುದಿನ

ವರ್ಷದ ಕೊನೆಗೆ ಪಬ್ಲಿಕ್ ಪರೀಕ್ಷೆ. ಮೊದಲ ಸಲ ಒಂದು ನಂಬರು, ಬೇರೆ ಊರಿನ ಕೇಂದ್ರ, ಪರಿಚಯವಿಲ್ಲದ ಮಾಸ್ಟ್ರು. ಸಂಜೆಯ ಸ್ಪೆಶಲ್ ಕ್ಲಾಸುಗಳು ಫೆಬ್ರವರಿಯಿಂದಲೇ. ಪಾಸಾದವರಿಗೆ ಮುಂದೆ ಮೂರು ದಾರಿ. ಹೈಸ್ಕೂಲು ನಡೆದು ಮುಟ್ಟುವ ದೂರದಲ್ಲಿದ್ದು, ಫೀಸಿಗೆ ದುಡ್ಡಿದ್ದವರು ಎಂಟಕ್ಕೆ. ಕೆಲವು ಹುಡುಗರು ಮುಂಬಯಿ ಬಸ್ಸಿಗೆ. ಹಗಲು ಹೋಟೆಲಿನಲ್ಲಿ ದುಡಿದು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದು ಮುಂದುವರಿಸಿದವರು ಅನೇಕರು.

ಮೂರನೆಯ ದಾರಿ ಹುಡುಗಿಯರದು, ಅದು ಮನೆಯ ಚಾವಡಿಗೇ ಬಂದು ನಿಲ್ಲುತ್ತಿತ್ತು. ಮಡಿಲಿನ ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೀಡಿ ಕಟ್ಟುವುದು ಈ ಮೂರೂ ತಾಲೂಕುಗಳ ಹೆಣ್ಣುಮಕ್ಕಳ ದೊಡ್ಡ ದುಡಿಮೆ. ಸಾವಿರಕ್ಕೆ ಇಷ್ಟು ಎಂಬ ಮಜೂರಿ, ಕೊಟ್ಟ ಎಲೆಗೆ ಇಷ್ಟು ಬೀಡಿ ಬರಬೇಕೆಂಬ ಕರಾರು, ಬ್ರಾಂಚಿನಲ್ಲಿ ತಿರಸ್ಕೃತವಾದ ಬೀಡಿಯ ಕಡಿತ. ಏಳನೆಯ ತರಗತಿಯ ಶೇಕಡಾ ಲೆಕ್ಕ ಇಲ್ಲಿಗೆ ಒದಗಿತು. ಎಷ್ಟೋ ಮನೆಗಳಲ್ಲಿ ತಮ್ಮನ ಹೈಸ್ಕೂಲು ಫೀಸು ಅಕ್ಕ ಕಟ್ಟಿದ ಬೀಡಿಯಿಂದ ಹುಟ್ಟಿತು. ಅಕ್ಕ ತರಗತಿಗೆ ಮೊದಲಿಗಳಾಗಿದ್ದರೂ ಈ ಏರ್ಪಾಡು ಬದಲಾಗುತ್ತಿರಲಿಲ್ಲ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಡಿ ಬೀಡಿ ಕಟ್ಟುವವರ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯುವಂತಾಯಿತು. ತಾವು ಏಳಕ್ಕೆ ನಿಂತ ತಾಯಂದಿರು ಆ ಅರ್ಜಿಯನ್ನು ತಾವೇ ತುಂಬಬಲ್ಲವರಾಗಿದ್ದರು. ತಮ್ಮ ಹೆಣ್ಣುಮಕ್ಕಳನ್ನು ಏಳಕ್ಕೆ ನಿಲ್ಲಿಸಲು ಅವರು ಒಪ್ಪಲಿಲ್ಲ.

ಜಾಗ ಬದಲಿಸಿದ ಕೊನೆ

ಈಗ ಏಳನೆಯದು ಯಾರಿಗೂ ಕೊನೆಯಲ್ಲ. ಹೈಸ್ಕೂಲುಗಳು ಹತ್ತಿರವಾದವು. ಏಳರ ಪಬ್ಲಿಕ್ ಪರೀಕ್ಷೆ ಈ ಶತಮಾನದ ಆರಂಭದ ವರ್ಷಗಳಲ್ಲಿ ನಿಂತಿತು. 2019ರ ಕೊನೆಗೆ ಮತ್ತೆ ತರುವ ಮಾತು ಬಂದರೂ ನೆಲೆಗೊಳ್ಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಾಥಮಿಕ ಹಂತವನ್ನು ಎಂಟರವರೆಗೆ ಎಣಿಸಿದ್ದರಿಂದ ಕೆಲವು ಶಾಲೆಗಳಿಗೆ ಎಂಟನೆಯ ತರಗತಿ ಸೇರಿತು. ಹೆಸರು ಬೇರೆಯಾದರೂ ಇ.ಎಸ್.ಎಲ್.ಸಿ. ಅಜ್ಜನ ಲೆಕ್ಕಕ್ಕೇ ಮರಳಿದಂತಾಯಿತು. ಸಜ್ಜಿಗೆಯ ಜಾಗದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಬಂತು. 2010ರ ಸುಮಾರಿಗೆ ತುಳುವನ್ನು ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಕಲಿಯಲು ಅವಕಾಶವಾಯಿತು. ಹಿಂದಿನ ತಲೆಮಾರಿನ ಮಕ್ಕಳು ಶಾಲೆಯ ಗೇಟಿನಲ್ಲಿ ಬಿಟ್ಟು ಬರುತ್ತಿದ್ದ ಮಾತು ಪುಸ್ತಕವಾಗಿ ಒಳಗೆ ಬಂತು.

ಕಷ್ಟ ಬೇರೆ ಕಡೆಯಿಂದ ಬಂದಿದೆ. ಇಂಗ್ಲಿಷ್ ಮಾಧ್ಯಮ ಶಾಲೆಗಳ ಬಸ್ಸು ಹಳ್ಳಿಯ ತಿರುವಿಗೂ ಬರುತ್ತದೆ. ಬೋರ್ಡು ಶಾಲೆಯ ಕೊನೆಯ ಬೆಂಚು ಖಾಲಿಯಾಗುತ್ತಿದೆ. ಏಳು ಮಂದಿ ಇರುವ ಏಳನೆಯ ತರಗತಿಯಲ್ಲಿ ಮಂತ್ರಿಮಂಡಲ ರಚಿಸಿದರೆ ಪ್ರಜೆಗಳು ಉಳಿಯುವುದಿಲ್ಲ. ಬಂಟ್ವಾಳ ತಾಲೂಕಿನ ಮೂಡನಡುಗೋಡು ಗ್ರಾಮದ ದಡ್ಡಲಕಾಡು ಸರಕಾರಿ ಶಾಲೆಯಂತೆ, ಊರಿನ ಯುವಕರೇ ಮುಂದೆ ನಿಂತು ಕಟ್ಟಡ, ವಾಹನ, ಇಂಗ್ಲಿಷು ಕಲಿಕೆಗಳನ್ನು ಒದಗಿಸಿ ಮಕ್ಕಳನ್ನು ಮರಳಿ ತಂದ ಉದಾಹರಣೆಗಳೂ ಇವೆ. ಅಂಥ ಊರವರಲ್ಲಿ ತಾವು ಕಲಿತ ಶಾಲೆಯ ಋಣದ ಮಾತು ಬಂದೇ ಬರುತ್ತದೆ.

ಶಾಲೆಯ ಕಪಾಟಿನಲ್ಲಿ ಹಳೆಯ ದಾಖಲಾತಿ ಪುಸ್ತಕಗಳಿರುತ್ತವೆ. ಹೆಸರು, ಹುಟ್ಟಿದ ತಾರೀಕು, ತಂದೆಯ ಕಸುಬು, ಕೊನೆಗೆ ಶಾಲೆ ಬಿಟ್ಟ ದಿನ ಮತ್ತು ಕಾರಣ. ಆ ಕೊನೆಯ ಅಂಕಣದಲ್ಲಿ ಏಳನೆಯ ತರಗತಿ ತೇರ್ಗಡೆ ಎಂದಷ್ಟೇ ಬರೆದಿರುತ್ತದೆ. ಯಾರು ಹೈಸ್ಕೂಲಿಗೆ ಹೋದರು, ಯಾರು ಮುಂಬಯಿ ಬಸ್ಸು ಹತ್ತಿದರು, ಯಾರು ತಡ್ಪೆ ಹಿಡಿದು ಕುಳಿತರು ಎಂದು ಅದರಲ್ಲಿ ಇಲ್ಲ. ಅದನ್ನು ಹೇಳಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರನ್ನು ಕೇಳುವುದಕ್ಕೆ ಈ ಭಾನುವಾರವೂ ಆದೀತು.